ದೊಡ್ಡಪ್ಪನ ಕಾರು ಮತ್ತು ಮಿಂಚಿನ ಫಾರ್ವರ್ಡ್

‘ತೋಟದ ಮನೆ ಬಳಗ’ ಗುಂಪಿಗೆ ದೊಡ್ಡಪ್ಪ ಬೆಳಗ್ಗೆ ಒಂದು ಫಾರ್ವರ್ಡ್ ಹಾಕಿದರು. ‘ಎಚ್ಚರ! ಮಿಂಚು ಕಾರಿನ ಬ್ಯಾಟರಿಯ ಚಾರ್ಜ್ ಎಳೆದುಕೊಳ್ಳುತ್ತದೆ. ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ. ಹತ್ತು ಜನರಿಗೆ ಕಳಿಸಿ.’ ಕೆಳಗೆ ಅವರದೇ ಸಾಲು: ‘ನಾನು ಆವತ್ತೇ ಹೇಳಿದ್ದೆ.’

ಯಾವತ್ತು ಅಂತ ಯಾರೂ ಕೇಳಲಿಲ್ಲ. ತೀರ್ಥಹಳ್ಳಿ ಹತ್ತಿರದ ಅವರ ಮನೆಯಲ್ಲಿ ಕಾರು ಸ್ಟಾರ್ಟ್ ಆಗದಿರುವುದು ಮಾಮೂಲಿ. ಹೊಸ ಬ್ಯಾಟರಿ ಹಾಕಿಸಿದರೂ ಅದೇ ಕಟಕಟ ಸದ್ದು.

ರಘು: ಮಿಂಚು ಚಾರ್ಜ್ ಎಳೆಯುತ್ತಾ? ಯಾರು ಹೇಳಿದ್ದು ದೊಡ್ಡಪ್ಪ?

ದೊಡ್ಡಪ್ಪ: ಬೆಂಗಳೂರಲ್ಲಿ ಕೂತು ಕೇಳಬೇಡ, ಬಂದು ನೋಡು. ಬಿಚ್ಚಿಟ್ಟು ನಾಲ್ಕು ದಿನ ಬಿಟ್ಟು ಹಾಕಿದೆ. ಒಂದೇ ಸೆಲ್ಫ್‌ಗೆ ಸ್ಟಾರ್ಟ್!

ಮಜಾ ಇರುವುದೇ ಇಲ್ಲಿ. ಮಾತು ಸುಳ್ಳು, ಮದ್ದು ಮಾತ್ರ ಹಿಡಿದಿದೆ.

ರಘು: ವೈರ್ ತೆಗೆದರೆ ಸೋರಿಕೆ ನಿಲ್ಲುತ್ತೆ, ಅಷ್ಟೇ. ಕೀ ತೆಗೆದ ಮೇಲೂ ಎಲ್ಲೋ ಕರೆಂಟ್ ಹೋಗ್ತಿದೆ. ಕಾರು ಆಫ್ ಮಾಡಿ ಅರ್ಧ ಗಂಟೆ ಬಿಟ್ಟು, ನೆಗೆಟಿವ್ ವೈರಿಗೂ ಬ್ಯಾಟರಿಗೂ ಮಧ್ಯೆ ಕರೆಂಟ್ ಅಳೆಯೋ ಮಲ್ಟಿಮೀಟರ್ ಇಡಿಸಿ. 50 ಮಿಲಿಆಂಪ್ ಒಳಗಿದ್ದರೆ ಸರಿ. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ತೆಗೆಸಿ. ಯಾವುದು ತೆಗೆದಾಗ ಇಳಿಯುತ್ತೋ ಕಳ್ಳ ಅಲ್ಲೇ.

ಇಷ್ಟನ್ನೂ ಓದಿದವರು ಯಾರೂ ಇದ್ದಂತಿಲ್ಲ.

ಶಾರದತ್ತೆ: ಅಪ್ಪಯ್ಯನ ಅಂಬಾಸಿಡರ್‌ಗೆ ಈ ಕಾಟವೇ ಇರಲಿಲ್ಲ. ಹ್ಯಾಂಡಲ್ ಹಾಕಿ ತಿರುಗಿಸಿದ್ರೆ ಆಯ್ತು. ಆಗುಂಬೆ ಸೂರ್ಯಾಸ್ತ ನೋಡೋಕೆ ಏಳು ಜನ ತುಂಬಿಕೊಂಡು ಹೋಗ್ತಿದ್ವಿ.

ಪ್ರಕಾಶ ಚಿಕ್ಕಪ್ಪ: ಏಳಲ್ಲ, ಎಂಟು. ನನ್ನ ಲೆಕ್ಕ ಆಗಲೂ ಇಲ್ಲ, ಈಗಲೂ ಇಲ್ಲ.

ದೊಡ್ಡಪ್ಪ: ಆಗ ಹಿರಿಯರ ಮಾತಿಗೆ ಬೆಲೆ ಇತ್ತು. ಈಗ ಎಲ್ಲದಕ್ಕೂ ಪುರಾವೆ.

ರಘು: ಸಾಗರದ ಮದುವೇಲಿ ಆ ಕಾರು ತಳ್ಳಿದವನು ನಾನು. ಪಂಚೆಗೆಲ್ಲ ಕೆಸರು.

ದೊಡ್ಡಪ್ಪ: ಒಂದ್ಸಲ ತಳ್ಳಿದ್ದನ್ನು ಎಷ್ಟು ವರ್ಷ ಹೇಳ್ತೀಯೋ?

ಇಷ್ಟು ಹೊತ್ತೂ ಸುಮ್ನಿದ್ದ ಸುಮತ್ತಿಗೆ, ದೊಡ್ಡಪ್ಪನ ಸೊಸೆ, ಮಧ್ಯಾಹ್ನ ಒಂದು ವಿಡಿಯೋ ಹಾಕಿದರು. ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, ಡಿಕ್ಕಿಯೊಳಗಿಟ್ಟು ಬಾಗಿಲು ಹಾಕಿದ್ದಾರೆ. ಒಳಗೆ ಕತ್ತಲಾಗಬೇಕಿತ್ತು. ಮೂಲೆಯ ಬಲ್ಬು ಹಾಗೇ ಉರಿಯುತ್ತಿದೆ. ಬಾಗಿಲಿನ ಸ್ವಿಚ್ ಥಂಡಿಗೆ ತುಕ್ಕು ಹಿಡಿದು ಅಂಟಿಕೊಂಡಿದೆ. 5 ವಾಟ್ ಬಲ್ಬು ಅಂದರೆ ಸುಮಾರು 0.4 ಆಂಪ್, ದಿನಕ್ಕೆ 10 ಆಂಪ್ ಅವರ್. ಇವರ ಕಾರಿನ ಬ್ಯಾಟರಿ ತುಂಬಿದರೂ ಹಿಡಿಯುವುದು 35 ಆಂಪ್ ಅವರ್. ವಾರಕ್ಕೊಮ್ಮೆ ಪೇಟೆಗೆ ತೆಗೆಯುವ ಕಾರು ಇನ್ನೆಲ್ಲಿ ಸ್ಟಾರ್ಟ್ ಆದೀತು?

ಐದು ನಿಮಿಷ ಗುಂಪು ಮೌನ. ಆಮೇಲೆ:

ಶಾರದತ್ತೆ: ಸುಮಾ, ಬಲ್ಬಿನ ಕೆಳಗೆ ಕಾಣ್ತಿರೋದು ನಮ್ಮ ಹಿತ್ತಾಳೆ ಕೊಳಗ ಅಲ್ವಾ? ಗೃಹಪ್ರವೇಶಕ್ಕೆ ಅಂತ ಕೊಟ್ಟಿದ್ದು?

ದೊಡ್ಡಪ್ಪ: ಅದು ನಮ್ಮದು.

ಶಾರದತ್ತೆ: ಮಗುಚಿ ನೋಡಣ್ಣ. ತಳದಲ್ಲಿ ಅಪ್ಪಯ್ಯನ ಹೆಸರು ಕೆತ್ತಿಸಿದೆ.

ದೊಡ್ಡಪ್ಪ: ಅವರು ನನಗೂ ಅಪ್ಪಯ್ಯನೇ ಅಲ್ವೇನೇ?