ಅಪ್‌ಡೇಟ್: ಮೊಳೆ ಹೊಡೀದೆ ಹಸೆ ಚಿತ್ತಾರ ಗೋಡೆಗೆ ಬಂತು

ಹೋದ ವಾರ ಕೇಳಿದ್ನಲ್ಲ, ಸಾಗರದ ಬಾಡಿಗೆ ಮನೇಲಿ ಮೊಳೆ ಹೊಡಿಯಂಗಿಲ್ಲ, ಅಮ್ಮ ಕೊಟ್ಟ ಫ್ರೇಮ್ ಹಾಕಿದ ಹಸೆ ಚಿತ್ತಾರ (ಮಲೆನಾಡಿನ ಸಾಂಪ್ರದಾಯಿಕ ಚಿತ್ರ) ಹೆಂಗೆ ಹಾಕ್ಲಿ ಅಂತ, ಅದು ಆಯ್ತು ಮಾರಾಯ್ರೆ!

ಡಬಲ್ ಸೈಡ್ ಟೇಪ್ ಎರಡೇ ದಿನ ನಿಂತಿದ್ದು. ನಮ್ಮದು ಡಿಸ್ಟೆಂಪರ್ ಗೋಡೆ, ಕೈ ಒರೆಸಿದ್ರೆ ಬಿಳಿ ಪುಡಿ ಬರುತ್ತೆ, ಟೇಪ್ ಆ ಪುಡಿಗೆ ಅಂಟುತ್ತೇ ಹೊರತು ಗೋಡೆಗಲ್ಲ, ಮೇಲಿಂದ ಮಳೆಗಾಲದ ತಂಡಿ ಬೇರೆ, ಬೀಳುವಾಗ ಅಂಗೈಯಗಲ ಬಣ್ಣಾನೂ ಕಿತ್ಕೊಂಡು ಬಂತು. ಬೇಜಾರಾಯ್ತು, ಓನರ್‌ಗೆ ಅವತ್ತೇ ಹೇಳಿಬಿಟ್ಟೆ. ಅಂಟಿಸೋ ಹುಕ್ಕೂ ಅಷ್ಟೇ, ಅಡುಗೆಮನೆ ಟೈಲ್ಸ್ ಮೇಲೆ ಮಾತ್ರ ಗಟ್ಟಿ ಕೂತಿದೆ.

ಕೆಲಸ ಮಾಡಿದ್ದು ಹೋದ ವಾರ ಇಲ್ಲಿ "ಗೋಡೆ ಬಿಡಿ, ತೊಲೆ ನೋಡಿ" ಅಂತ ಉತ್ತರ ಕೊಟ್ಟವರ ಮಾತು. ಹಂಚಿನ ಮನೆ ಅಲ್ವಾ, ಗೋಡೆ ಪಕ್ಕದ ತೊಲೆಗೆ ಮೀನಿನ ಗಾಳದ ನೈಲಾನ್ ದಾರ ಸುತ್ತಿ ಎರಡೂ ಕಡೆ ಇಳಿಬಿಟ್ಟು ಅದಕ್ಕೆ ಫ್ರೇಮ್ ಕಟ್ಟಿದೆ, ದೂರದಿಂದ ದಾರ ಕಾಣೋದೇ ಇಲ್ಲ. ಅವರಿಗೆ ತುಂಬಾ ಥ್ಯಾಂಕ್ಸ್.

ಗೊತ್ತಿಲ್ದೇ ಇದ್ದಿದ್ದು ಒಂದು, ಮೂರನೇ ದಿನ ಫ್ರೇಮ್ ಎತ್ತಿ ನೋಡಿದ್ರೆ ಹಿಂದೆ ಬೂಷ್ಟು! ದೀವರ ಸಮುದಾಯದ ಹೆಂಗಸರು ಅಕ್ಕಿ ಅರೆದ ಬಿಳಿ ಬಣ್ಣ, ಕೆಮ್ಮಣ್ಣಲ್ಲಿ ಬರೆಯೋ ಚಿತ್ತಾರ, ಹಾಳಾದ್ರೆ ಅಮ್ಮಂಗೆ ಏನ್ ಹೇಳ್ಲಿ. ಒಣಬಟ್ಟೇಲಿ ಒರೆಸಿ, ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ರಬ್ಬರ್ ತುಂಡು ಅಂಟಿಸಿದೆ, ಈಗ ಹಿಂದೆ ಗಾಳಿ ಆಡುತ್ತೆ, ಬೂಷ್ಟು ಮತ್ತೆ ಬಂದಿಲ್ಲ.