ಸಹಾಯ ಬೇಕು: ನಾಲ್ಕು ಟಾರ್, ಒಂದೇ ಬ್ರಿಡ್ಜ್, ಕೀ ತಲೆನೋವು

ಎಲ್ಲರಿಗೂ ನಮಸ್ಕಾರ, ಬಳ್ಳಾರಿಯಿಂದ. ಬಾಡಿಗೆ ಸರ್ವರ್ ಒಂದರಲ್ಲಿ ಟಾರ್ ಬ್ರಿಡ್ಜ್ (ಗುರುತು ಮರೆಮಾಡುವ ಟಾರ್ ಜಾಲಕ್ಕೆ ಗುಟ್ಟಿನ ಬಾಗಿಲು) ನಡೆಸುತ್ತಿದ್ದೇನೆ. ಇಂಟರ್ನೆಟ್‌ಗೆ ತಡೆ ಹಾಕಿರುವ ದೇಶಗಳ ಜನ ಅದರ ಮೂಲಕ ಹೊರಗೆ ಬರುತ್ತಾರೆ. ಬಳಸುವವರು ಜಾಸ್ತಿಯಾದ ಮೇಲೆ ಎಲ್ಲಾ ನಿಧಾನ. ಸರ್ವರ್ ಹೊರೆ ತೋರಿಸುವ ಟಾಪ್ ಕಮಾಂಡ್ ಹಾಕಿ ನೋಡಿದರೆ ಟಾರ್ ಪ್ರೊಸೆಸರ್‌ನ ಒಂದು ಕೋರ್ ಪೂರ್ತಿ ತಿನ್ನುತ್ತಿದೆ, ಉಳಿದ ಮೂರು ಸುಮ್ನೆ ಕೂತಿವೆ. ಅದರ ಕೆಲಸ ಬಹುಪಾಲು ಒಂದೇ ಥ್ರೆಡ್‌ನಲ್ಲಿ ನಡೆಯುತ್ತದೆ, ಅಲ್ವಾ?

2022ರಲ್ಲಿ ಸ್ನೋಫ್ಲೇಕ್‌ನವರು (ಟಾರ್‌ಗೆ ತಡೆ ದಾಟಿಸುವ ಇನ್ನೊಂದು ಸಾಧನ) ಮಾಡಿದ ಹಾಗೆ, ಒಂದೇ ಐಡೆಂಟಿಟಿ ಕೀ (ಬ್ರಿಡ್ಜ್‌ನ ಗುರುತು) ಕೊಟ್ಟು ನಾಲ್ಕು ಟಾರ್ ಎಬ್ಬಿಸಿ, ಬಂದವರನ್ನು ಅವುಗಳಿಗೆ ಹಂಚಲು ಮುಂದೆ ಎಚ್‌ಎಪ್ರಾಕ್ಸಿ ಕೂರಿಸಿದೆ. ನಾಲ್ಕು ವಾರ ಬೆಣ್ಣೆ ಹಾಗೆ ಓಡಿತು. ಈಗ ಕೆಲವರಿಗೆ ಕನೆಕ್ಟ್ ಆಗುತ್ತದೆ, ಕೆಲವರಿಗೆ ಇಲ್ಲ. ಈ ಬಿಸಿಲಲ್ಲಿ ಸರ್ವರ್‌ಗಿಂತ ನನ್ನ ತಲೆಯೇ ಜಾಸ್ತಿ ಕಾದಿದೆ!

ನನ್ನ ಅನುಮಾನ ಆನಿಯನ್ ಕೀ ಮೇಲೆ, ಅಂದರೆ ಬಳಸುವವರು ಕನೆಕ್ಟ್ ಆಗುವಾಗ ಬಳಸುವ, ಆಗಾಗ ಬದಲಾಗುವ ಕೀ. 28 ದಿನಕ್ಕೊಮ್ಮೆ ಪ್ರತಿ ಟಾರ್ ತನ್ನ ಪಾಡಿಗೆ ಹೊಸ ಕೀ ಮಾಡಿಕೊಳ್ಳುತ್ತದೆ. ಒಂದರ ಕೀ ಹಿಡಿದು ಬಂದವರು ಇನ್ನೊಂದರ ಬಾಗಿಲಿಗೆ ಬಿದ್ದರೆ ಕೆಲಸ ಕೆಟ್ಟಿತು. ಹಳೆಯ ಕೀ ಫೈಲ್ ಹೋಗಬೇಕಾದ ಹೆಸರಿನಲ್ಲಿ ಒಂದು ಫೋಲ್ಡರ್ ಇಟ್ಟರೆ, ಹಳೆಯದನ್ನು ಸರಿಸಲಾಗದೆ ಈ ಬದಲಾವಣೆ ನಿಲ್ಲುತ್ತದಂತೆ. ಯಾರಾದರೂ ಮಾಡಿ ನೋಡಿದ್ದೀರಾ? ಟಾರ್ ಅಪ್‌ಡೇಟ್ ಆದ ಮೇಲೂ ನಿಂತಿತಾ?

ಬ್ರಿಡ್ಜ್ ವಿಳಾಸ ಮಾತ್ರ ಕೇಳಬೇಡಿ, ತಡೆ ಹಾಕುವವರೂ ಗುಂಪುಗಳಲ್ಲಿ ಇರುತ್ತಾರೆ. ಲಾಗ್ ಬೇಕಿದ್ದರೆ ಐಪಿ ಅಳಿಸಿ ಹಾಕುತ್ತೇನೆ.