ಬೆಳ್ಳಿ ಕೋಟಿಂಗ್ ಇರುವ ಕ್ಯಾಥೆಟರ್ ತಗೊಳ್ಳಬೇಕಾ?

ಊರುಬಿಟ್ಟವ:
ಅಪ್ಪನಿಗೆ ಆಪರೇಷನ್ ಆದ ಮೇಲೆ ಮೂತ್ರದ ಕ್ಯಾಥೆಟರ್ (ಮೂತ್ರ ಹೊರಗೆ ಹರಿಸುವ ಕೊಳವೆ) ಹಾಕಿದ್ದಾರೆ. ಎರಡನೇ ವಾರಕ್ಕೇ ಸೋಂಕಾಗಿ ಚಳಿಜ್ವರ ಬಂತು. ಈಗ ಬದಲಾಯಿಸಬೇಕು. ಮೆಡಿಕಲ್ ಶಾಪಿನವರು ಬೆಳ್ಳಿ ಕೋಟಿಂಗ್ ಇರುವುದನ್ನೇ ತಗೊಳ್ಳಿ, ಬ್ಯಾಕ್ಟೀರಿಯಾ ಹತ್ತಿರಕ್ಕೂ ಬರುವುದಿಲ್ಲ ಅನ್ನುತ್ತಾರೆ, ಬೆಲೆ ಮಾತ್ರ ಸಿಕ್ಕಾಪಟ್ಟೆ. ಹುಡುಕುವಾಗ ಇನ್ನೊಂದು ಸಿಕ್ಕಿತು: ಏನನ್ನೂ ಹೊರಗೆ ಬಿಡದೆ, ಮುಟ್ಟಿದರೆ ಸಾಕು ಕೊಲ್ಲುವ ಪಾಲಿಮರ್ (ಪ್ಲಾಸ್ಟಿಕ್ ಜಾತಿಯ ವಸ್ತು) ಕೋಟಿಂಗ್ ಅಂತೆ. ವಿಷ ಬಿಡದೆ ಕೊಲ್ಲುವುದು ಹೇಗೆ? ಸುಮ್ನೆ ಜಾಹೀರಾತಾ?

ಅಂಟುಗೋಂದು:
ಜಾಹೀರಾತಲ್ಲ, ನಿಜ. ಬ್ಯಾಕ್ಟೀರಿಯಾದ ಮೈ ಮೇಲೆ ನೆಗೆಟಿವ್ ಚಾರ್ಜ್ ಇರುತ್ತದೆ. ಈ ಪಾಲಿಮರಿನಲ್ಲಿ ಕ್ವಾಟರ್ನರಿ ಅಮೋನಿಯಂ ಅನ್ನುವ ಪಾಸಿಟಿವ್ ಗುಂಪುಗಳು, ಜೊತೆಗೆ ಎಣ್ಣೆ ಜಾತಿಯ ಬಾಲ. ಚಾರ್ಜ್ ಹತ್ತಿರಕ್ಕೆ ಎಳೆಯುತ್ತದೆ, ಬಾಲ ಪೊರೆಯೊಳಗೆ ನುಗ್ಗುತ್ತದೆ, ಪೊರೆ ಹರಿದು ಒಳಗಿದ್ದದ್ದೆಲ್ಲ ಸೋರಿಹೋಗುತ್ತದೆ. 2001ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಕ್ಲಿಬನೋವ್ ತಂಡ ಗಾಜಿಗೆ ಇಂಥ ಪಾಲಿಮರ್ ಕಟ್ಟಿ ತೋರಿಸಿತು. ಅವರ ಜೊತೆ ಕೆಲಸ ಮಾಡಿದ್ದ ಜಯಂತ ಹಲ್ದಾರ್ ಆಮೇಲೆ ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜೆಎನ್‌ಸಿಎಎಸ್‌ಆರ್ ಅನ್ನುವ ವಿಜ್ಞಾನ ಸಂಶೋಧನಾ ಕೇಂದ್ರ ಸೇರಿದರು. ಯುವಿ (ನೇರಳಾತೀತ) ಬೆಳಕು ಹಾಯಿಸಿದರೆ ಬಟ್ಟೆಗೂ ಪ್ಲಾಸ್ಟಿಕ್ಕಿಗೂ ಗಟ್ಟಿಯಾಗಿ ಕಚ್ಚಿಕೊಳ್ಳುವ ಕೋಟಿಂಗ್ ಅವರ ತಂಡದ್ದು.

ರಾತ್ರಿಪಾಳಿ:
ಲ್ಯಾಬಿನ ಗಾಜು ಬೇರೆ, ಮೂತ್ರನಾಳ ಬೇರೆ ಸ್ವಾಮಿ. ಮೊದಲ ಬ್ಯಾಚು ಸತ್ತಿತು ಅಂದುಕೊಳ್ಳಿ, ಹೆಣಗಳು ಎಲ್ಲಿಗೆ ಹೋಗಬೇಕು? ಅಲ್ಲೇ ಅಂಟಿಕೊಳ್ಳುತ್ತವೆ, ಮೇಲೆ ಪ್ರೋಟೀನು ಕೂರುತ್ತದೆ, ಪ್ರೋಟಿಯಸ್ ಅನ್ನುವ ಬ್ಯಾಕ್ಟೀರಿಯಾ ಸೇರಿತೋ, ಅದು ಮೂತ್ರದಲ್ಲಿರುವ ಯೂರಿಯಾ ಒಡೆದು ಅಮೋನಿಯಾ ಮಾಡಿ, ಬೋರ್ ನೀರಿನ ಪೈಪಿನಲ್ಲಿ ಉಪ್ಪು ಕಟ್ಟುತ್ತದಲ್ವಾ, ಹಾಗೆ ಕಟ್ಟಿಬಿಡುತ್ತದೆ. ಆಮೇಲೆ ಬಂದವು ಈ ಚಾಪೆ ಮೇಲೆ ಆರಾಮಾಗಿ ಕೂರುತ್ತವೆ, ಕೋಟಿಂಗನ್ನು ಮುಟ್ಟುವುದೇ ಇಲ್ಲ.
ಬೆಳ್ಳಿ ಬಗ್ಗೆ: ಬ್ರಿಟನ್ನಿನಲ್ಲಿ 7,000ಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷೆ ಮಾಡಿದರು, 2012ರ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿದೆ. ಕೆಲವು ದಿನಕ್ಕೆ ಹಾಕುವ ಕ್ಯಾಥೆಟರಿನಲ್ಲಿ ಬೆಳ್ಳಿಯಿಂದ ಸೋಂಕು ಕಡಿಮೆ ಆಗಲಿಲ್ಲ. ಕ್ಯಾಥೆಟರ್ ಒಳಗಿದ್ದಷ್ಟು ದಿನ ಅಪಾಯ ಏರುತ್ತಲೇ ಇರುತ್ತದೆ. ಯಾವುದು ಹಾಕಿಸಲಿ ಅನ್ನುವುದಕ್ಕಿಂತ ಯಾವತ್ತು ತೆಗೆಯುತ್ತೀರಿ ಅಂತ ಡಾಕ್ಟರನ್ನು ಕೇಳಿ. ಚೀಲ ಸೊಂಟಕ್ಕಿಂತ ಕೆಳಗೇ ಇರಲಿ, ಜಾಯಿಂಟ್ ಬಿಚ್ಚಿ ಬಿಚ್ಚಿ ನೋಡಬೇಡಿ.

ಅಂಟುಗೋಂದು:
ಹೆಣದ ಮಾತು ಒಪ್ಪಿದೆ. ಅದಕ್ಕೇ 2008ರಲ್ಲಿ ಸಿಯಾಟಲ್‌ನ ಶಾವೊಯಿ ಜಿಯಾಂಗ್ ತಂಡ ಮೊದಲು ಕೊಂದು, ಆಮೇಲೆ ನೀರಿನಲ್ಲಿ ತಾನೇ ರೂಪ ಬದಲಿಸಿ ಹೆಣ ಉದುರಿಸುವ ಪಾಲಿಮರ್ ಮಾಡಿತು. ಒಂದೇ ತೊಡಕು, ಬದಲಾದ ಮೇಲೆ ಅದು ಅಂಟಲು ಬಿಡುವುದಿಲ್ಲ ಅಷ್ಟೇ, ಕೊಲ್ಲುವುದಿಲ್ಲ.

ಊರುಬಿಟ್ಟವ:
ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಶುಕ್ರವಾರ ತೆಗೆದು ನೋಡೋಣ ಅಂದರು. ಬೆಳ್ಳಿಯದ್ದು ತಗೊಳ್ಳಲಿಲ್ಲ.